ಯಾರೂ ಹಿಂಡದ ಕಿವಿ

ತಮ್ಮಾ,

ನಿಮ್ಮ ಏಳು ಜನರ ಕಿವಿ ಹಿಂಡಿ ದಾರಿಗೆ ತಂದ ಹಿರಿಯಕ್ಕ ಬರೆಯುತ್ತಿದ್ದೇನೆ. ಮಗಳ ಈ ಊರಿಗೆ ಬಂದ ಮೂರನೆಯ ದಿನ ಮೊಮ್ಮಗಳು ಶಾಲೆಯಿಂದ ಬಂದಾಗ ಅವಳ ಬಲಗಿವಿ ಕೆಂಪಗೆ ಊದಿ ಎಡಗಿವಿಯ ಎರಡರಷ್ಟಾಗಿತ್ತು. ಹಿಂಡಿದ ಕಿವಿ ಹೇಗಿರುತ್ತದೆಂದು ನನಗೆ ಯಾರು ಹೇಳಿಕೊಡಬೇಕು?

"ಸೊಳ್ಳೆ ಕಚ್ಚಿದ್ದು ಅಜ್ಜಿ" ಎಂದಳು.

"ಸೊಳ್ಳೆಗೆ ಕೈಯಿದೆಯೇನೇ ಹಿಂಡೋಕೆ?" ಎಂದು ಗದರಿದೆ. ಮರುದಿನ ಶಾಲೆಗೆ ನುಗ್ಗಿ, ಮಕ್ಕಳೆಲ್ಲರ ಮುಂದೆ ಟೀಚರಮ್ಮನ ನೀರಿಳಿಸಿದೆ. "ನಾನು ಮುಟ್ಟೇ ಇಲ್ಲಮ್ಮ, ಡಾಕ್ಟರಿಗೆ ತೋರಿಸಿ" ಎಂದು ಆಕೆ ಕಣ್ಣೀರು ಹಾಕಿದಳು.

ಕೆಲವು ಮಕ್ಕಳಿಗೆ ಸೊಳ್ಳೆ ಕಚ್ಚಿದರೆ ಹೀಗೇ ಊದುತ್ತದೆ, ಅದು ಅಲರ್ಜಿ ಎಂದರು ಡಾಕ್ಟರು. ನಾನು ನಂಬದೆ ವಾದಿಸುತ್ತಿರುವಾಗಲೇ ಇನ್ನೊಂದು ಸೊಳ್ಳೆ ಕಚ್ಚಿ, ಮಗುವಿನ ಮಣಿಕಟ್ಟಿನ ಮೇಲೆ ನಿಂಬೆಹಣ್ಣಿನಷ್ಟು ದದ್ದೆದ್ದಿತು. ಡಾಕ್ಟರು ಬರೆದ ಚೀಟಿ ಹಿಡಿದು ಔಷಧಿ ಅಂಗಡಿಗೆ ನಡೆದೆ.

ಔಷಧಿ, ತಣ್ಣೀರು ಬಟ್ಟೆಯಿಂದ ಊತ ಇಳಿಯುತ್ತಿದೆ. ನನ್ನ ಮಂಡಿನೋವು ಪರವಾಗಿಲ್ಲ. ಕಾರ್ಡಿನಲ್ಲಿ ಹೆಚ್ಚು ಜಾಗವಿಲ್ಲ, ಇದೊಂದು ಹೇಳಿ ಮುಗಿಸುತ್ತೇನೆ.

ಟೀಚರಮ್ಮನನ್ನು ಮನೆಗೆ ಕರೆಸಿ ಗುಟ್ಟಾಗಿ ಸಮಾಧಾನ ಹೇಳು ಎಂದಳು ಮಗಳು. ಬೈದದ್ದು ಗುಟ್ಟಾಗಿಯೇ? ಇಂದು ಬೆಳಿಗ್ಗೆ ಅದೇ ತರಗತಿಗೆ ಹೋಗಿ, ಅದೇ ಮಕ್ಕಳ ಮುಂದೆ "ತಪ್ಪು ನಂದೇ ಕಣಮ್ಮ" ಎಂದು ಕೈಮುಗಿದು ಬಂದೆ.

ಅಕ್ಕ