ಅರ್ಪಣಾಳ ತಲೆ ಸರಿ ಇದೆ

ಬಾಳಗಡಿ, ಕೊಪ್ಪ
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಕಿರಣಣ್ಣ,

ನಿನ್ನ ಬೆನ್ನುನೋವು ಹೇಗಿದೆ? ಅತ್ತಿಗೆಯ ಶುಗರ್ ಹತೋಟಿಗೆ ಬಂತೇ? ಫೋನ್ ಮಾಡಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕಿ ಸಮಾಧಾನ ಮಾಡಲು ಹೊರಡುತ್ತೀಯ. ನನಗೀಗ ಸಮಾಧಾನ ಬೇಡ.

ನಾನು ಹನ್ನೊಂದು ವರ್ಷದಿಂದ ದುಡಿಯುತ್ತಿರುವ ನರ್ಸಿಂಗ್ ಹೋಮಿನಲ್ಲಿ, ಹೆರಿಗೆಯ ಕತ್ತರಿ, ಸೂಜಿಗಳನ್ನು ಆವಿಯಲ್ಲಿ ಶುದ್ಧ ಮಾಡುವ ಯಂತ್ರ ಜುಲೈನಲ್ಲೇ ಕೆಟ್ಟಿತು. ಬರೀ ಬಿಸಿನೀರಿನಲ್ಲಿ ಅದ್ದಿ ಕೊಡು ಎಂದು ಮೇಲಿನವರು ಹೇಳಿದರು. ನಾನು ಕೊಡಲಿಲ್ಲ. ಯಂತ್ರ ಕೆಟ್ಟಿದೆ ಎಂದು ರಿಜಿಸ್ಟರಿನಲ್ಲಿ ಮೂರು ಸಲ ಬರೆದಿಟ್ಟೆ. ಮ್ಯಾನೇಜರ್ ಷಡಕ್ಷರಿ, ಅದೇ ನಿನ್ನ ಸಹಪಾಠಿ, ಕರೆದು, "ಎಂತ ಮಾರಾಯ್ತಿ, ಎಲ್ಲರ ಹತ್ರ ಜಗಳ? ನಿನ್ನ ತಲೆ ಸರಿ ಇಲ್ಲ. ಮನೋವೈದ್ಯರ ಸರ್ಟಿಫಿಕೇಟ್ ತಂದು ಡ್ಯೂಟಿಗೆ ಬಾ" ಎಂದು ಒಂದು ಲಕೋಟೆ ಕೈಗಿಟ್ಟರು.

ಶಿವಮೊಗ್ಗದ ಡಾಕ್ಟರಮ್ಮ ಅದನ್ನು ಒಡೆದು ನನ್ನೆದುರೇ ಓದಿದರು: "ಇವರು ಹಿಂದೆ ಮಾನಸಿಕ ಚಿಕಿತ್ಸೆ ಪಡೆದಿರುವುದಾಗಿ ಇವರ ಅಣ್ಣನವರು ತಿಳಿಸಿರುತ್ತಾರೆ." ಅಪ್ಪ ತೀರಿಕೊಂಡಾಗ ನಿದ್ದೆ ಬಾರದೆ ನಾಲ್ಕು ತಿಂಗಳು ಮಾತ್ರೆ ನುಂಗಿದ್ದು ನಿನ್ನೊಬ್ಬನಿಗೇ ಗೊತ್ತಿತ್ತು. ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತೀಯ. ಆ ಒಳ್ಳೆಯ ಮನಸ್ಸಿಗೆ ಬೆಂಕಿ ಬೀಳಲಿ!

ಒಂದು ಗಂಟೆ ಪ್ರಶ್ನೆ ಕೇಳಿದರು. ಊಟ ಸೇರುತ್ತದೆಯೇ, ಯಾರೋ ಹಿಂಬಾಲಿಸಿದಂತೆ ಅನ್ನಿಸುತ್ತದೆಯೇ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ನಲವತ್ತೆರಡು ವರ್ಷದವಳು ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಕುಳಿತಿದ್ದೆ. "ಸಿಟ್ಟು ಬರುತ್ತಾ?" ಎಂದರು. "ಬರ್ತದೆ ಡಾಕ್ಟ್ರೇ, ಈಗಲೂ ಬಂದಿದೆ" ಎಂದು ಯಂತ್ರದ ವಿಷಯ ಪೂರ್ತಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಕೆಲಸಕ್ಕೆ ಸಂಪೂರ್ಣ ಯೋಗ್ಯಳು ಎಂದು ಬರೆದುಕೊಟ್ಟರು.

ಷಡಕ್ಷರಿ ಆ ಕಾಗದವನ್ನು ಓದದೆಯೇ ಮಡಚಿದರು. "ಇನ್ನೊಬ್ಬ ಡಾಕ್ಟ್ರಿಗೂ ತೋರಿಸಿ ಬಾ." ಯಂತ್ರ ಇನ್ನೂ ಹಾಗೇ ಇದೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುದ್ದು. ನಿನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ, ಇವತ್ತು ಅದನ್ನು ಬರೆಯಲು ಕೈ ಏಳುತ್ತಿಲ್ಲ.

ನಿನ್ನ ತಂಗಿ,
ಅರ್ಪಣಾ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಸುದ್ದಿ ಬಂತು. ಕಳೆದ ವಾರ, ನಾನು ಡ್ಯೂಟಿಯಲ್ಲಿ ಇಲ್ಲದಾಗ, ನಮ್ಮಲ್ಲೇ ಹೆರಿಗೆಯಾದ ಸಬೀಹಾಳ ಹೊಲಿಗೆ ಕೀವುಗಟ್ಟಿ, ಜ್ವರ ಏರಿ, ಶಿವಮೊಗ್ಗಕ್ಕೆ ಒಯ್ದಿದ್ದಾರಂತೆ. ನನ್ನನ್ನು ಕೆಲಸದಿಂದ ಹೊರಗಿಟ್ಟಿದ್ದಕ್ಕೆ ಕಾರ್ಮಿಕ ಇಲಾಖೆಗೆ ನಾನು ಕೊಟ್ಟ ದೂರಿನ ವಿಚಾರಣೆ ಇದೇ ಇಪ್ಪತ್ತಾರಕ್ಕೆ, ಚಿಕ್ಕಮಗಳೂರಿನಲ್ಲಿ. ಅವಳ ಗಂಡ ಹಸೀಬ್ ಬಂದು ಸಾಕ್ಷಿ ಹೇಳುತ್ತೇನೆ ಎಂದಿದ್ದಾನೆ. ನೀನೂ ಬಾ. ಆ ಮಾತ್ರೆ ಯಾವಾಗಿನದು, ಯಾತಕ್ಕೆ, ಎಷ್ಟು ದಿನದ್ದು ಎಂದು ಅಧಿಕಾರಿಯೆದುರು ನಿನ್ನ ಬಾಯಿಂದಲೇ ಹೇಳು. ಅಲ್ಲಿಗೆ ಬಾರದಿದ್ದರೆ ದೀಪಾವಳಿಗೆ ನನ್ನ ಮನೆಗೂ ಬರಬೇಡ.