ನೋಡದೆ ಇಟ್ಟ ಸೊನ್ನೆ

ಅತ್ತೆಯವರಿಗೆ,

ಪಕ್ಕದ ಕೋಣೆಯಿಂದ ನಿಮ್ಮ ಸೊಸೆ ಬರೆಯುತ್ತಿರುವ ಪತ್ರ. ನಮಸ್ಕಾರವಿದೆ, ಕ್ಷಮಾಪಣೆ ಇಲ್ಲ. ಅಕ್ಷರಗಳನ್ನು ಬೇಕೆಂದೇ ದಪ್ಪದಪ್ಪಗೆ ಬರೆದಿದ್ದೇನೆ. ಕೂಗಾಡುತ್ತಿದ್ದಾಳೆ ಎಂದುಕೊಳ್ಳಬೇಡಿ, ಕಾರಣ ಆಮೇಲೆ ಹೇಳುತ್ತೇನೆ.

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುವ ಗತಿ ಬಂತಲ್ಲ ಎಂದು ನನಗೇ ನಗು ಬರುತ್ತಿದೆ. ಸೋಮವಾರದಿಂದ ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ನಿಮ್ಮ ಮಗ ಅಡಕತ್ತರಿಗೆ ಸಿಕ್ಕಿದ ಅಡಕೆಯಂತಾಗಿದ್ದಾರೆ. ನಿನ್ನೆ ಊಟಕ್ಕೆ ಕೂತಾಗ ನೀವು ನನ್ನೆದುರಿಗೇ, "ಉಪ್ಪು ಈ ಕಡೆ ಕೊಡು ಅಂತ ಹೇಳೋ ಅವಳಿಗೆ" ಎಂದಿರಿ. ನಾನೂ ಬಿಡಲಿಲ್ಲ, "ಉಪ್ಪು ಅಮ್ಮನ ಕೈ ಹತ್ರಾನೇ ಇದೆ ಅಂತ ಹೇಳಿ" ಎಂದೆ. ಅವರು ಎದ್ದು ಬಂದು ಉಪ್ಪಿನ ಡಬ್ಬಿಯನ್ನು ಒಂದು ಗೇಣು ಸರಿಸಿ, ಮತ್ತೆ ತಮ್ಮ ಜಾಗದಲ್ಲಿ ಹೋಗಿ ಕೂತರು.

ನಿಮ್ಮ ಮಗನನ್ನು ನೋಡುವುದಕ್ಕೆ ಮೊದಲೇ ನಾನು ನಿಮ್ಮ ಬಸವನಹುಳುಗಳನ್ನು ನೋಡಿದವಳು. ಮ್ಯೂಸಿಯಮ್ಮಿಗೆ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನನ್ನು ನಿಮ್ಮ ಹಿಂದಿನ ಕೋಣೆಗೆ ಕಳಿಸಿದ್ದರು. "ಅಲ್ಲಿ ಶಂಖದಮ್ಮ ಇರ್ತಾರೆ. ಬೈದರೆ ಬೇಜಾರು ಮಾಡ್ಕೋಬೇಡಿ, ಎಲ್ಲರಿಗೂ ಬೈತಾರೆ" ಎಂದು ಕಾವಲುಗಾರ ಎಚ್ಚರಿಸಿದ್ದ. ಗೋಡೆಯಿಂದ ಗೋಡೆಗೆ ಡ್ರಾಯರುಗಳು, ಪ್ರತಿ ಡ್ರಾಯರಿನಲ್ಲಿ ಸಾಲಾಗಿ ಚಿಪ್ಪುಗಳು, ಪ್ರತಿ ಚಿಪ್ಪಿನ ಕೆಳಗೆ ನಿಮ್ಮ ಮುದ್ದಾದ ಅಕ್ಷರದ ಕಾರ್ಡು. ಯಾವ ಹುಳು ಯಾವುದರಿಂದ ಕವಲೊಡೆಯಿತು, ಎಷ್ಟು ಲಕ್ಷ ವರ್ಷಗಳ ಹಿಂದೆ ಬೇರೆಯಾಯಿತು ಎಂಬುದೆಲ್ಲ ಅದರಲ್ಲಿ. "ನಮ್ಮ ವಂಶ ಹೇಳು ಅಂದ್ರೆ ಮುತ್ತಜ್ಜನ ಹೆಸರಿಗೇ ಬಾಯಿ ಕಟ್ಟುತ್ತೆ. ಇವರದ್ದು ನೋಡು, ಕೋಟಿ ವರ್ಷದ ವಂಶಾವಳಿ!" ಎಂದು ನೀವು ಹೆಮ್ಮೆಪಟ್ಟಿರಿ. ಅವತ್ತು ನೀವು ನನಗೆ ಬೈಯಲಿಲ್ಲ. ನಾನು ಚಿಪ್ಪನ್ನು ಕಣ್ಣ ಹತ್ತಿರ ಹಿಡಿದಾಗ ಮಾತ್ರ ಕೈ ತಡೆದು, "ಮೊದಲು ಉಗುರು ಕೇಳಲಿ, ಆಮೇಲೆ ಕಣ್ಣು" ಎಂದಿರಿ. ಚಿಪ್ಪಿನ ಬಾಯಂಚಿನ ಒಳಗೆ ಹೆಬ್ಬೆರಳಿನ ಉಗುರು ಆಡಿಸಿ, ಜಾತಿಯಿಂದ ಜಾತಿಗೆ ಬೇರೆಯಾಗುವ ಅಲ್ಲಿನ ಸಣ್ಣ ಹಲ್ಲನ್ನು ಹುಡುಕುವುದು ಹೇಗೆಂದು ತೋರಿಸಿದಿರಿ.

ಆ ಕಾರ್ಡುಗಳೆಲ್ಲ ನಾನು ಸೇರುವ ಹೊತ್ತಿಗಾಗಲೇ ಕಂಪ್ಯೂಟರಿಗೆ ಹೋಗಿಯಾಗಿತ್ತು. ನಾನು ಮಾಡಿದ್ದು ಅದಕ್ಕೊಂದು ಎಪಿಐ. ಅದೇನು ಎಂದು ನೀವು ಕೇಳಿದಾಗ, ಟಿಕೆಟ್ ಕೌಂಟರಿನ ಕಿಟಕಿ ಎಂದುಕೊಳ್ಳಿ ಎಂದಿದ್ದೆ. ಆ ಕಿಟಕಿಗೆ ಬರುವುದು ಮನುಷ್ಯರಲ್ಲ, ಬೇರೆ ಬೇರೆ ದೇಶಗಳ ಕಂಪ್ಯೂಟರುಗಳು. ಎರಡು ಹುಳುಗಳ ಹೆಸರು ಕೊಟ್ಟು, ಇವು ಯಾವಾಗ ಬೇರೆಯಾದವು ಎಂದು ಕೇಳುತ್ತವೆ. ನಿಮ್ಮ ಡ್ರಾಯರಿನ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ. ಯಾರಾದರೂ ಒಂದೇ ಸಮನೆ ಕೇಳಿ ಪೀಡಿಸಿದರೆ, ಸ್ವಲ್ಪ ತಾಳಿ ಎನ್ನುತ್ತದೆ. ನೀವು ಬಿದ್ದು ಬಿದ್ದು ನಕ್ಕಿದ್ದಿರಿ. "ಹಾಗಾದ್ರೆ ನಾನು ಸತ್ತ ಮೇಲೂ ನನ್ನನ್ನ ಕೇಳ್ತಾನೇ ಇರ್ತಾರೆ ಅನ್ನು. ಯಂತ್ರ ಆದ್ರೇನಂತೆ, ಜನರಿಗಿಂತ ವಾಸಿ. ಮಧ್ಯೆ ಬಾಯಿ ಹಾಕಲ್ಲ!" ಆ ವರ್ಷವೇ ನೀವು ನಿಮ್ಮ ಮಗನನ್ನು ಮ್ಯೂಸಿಯಮ್ಮಿಗೆ ಕರೆತಂದು, ಚಿಪ್ಪು ತೋರಿಸುವ ನೆಪದಲ್ಲಿ ನನ್ನನ್ನು ತೋರಿಸಿದಿರಿ. ಸೊಸೆಯನ್ನು ಕಿಟಕಿಯ ಆಸೆಗೆ ತಂದುಕೊಂಡಿರೋ ಏನೋ, ಇವತ್ತಿಗೂ ನನಗೆ ಅನುಮಾನ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಸುಣ್ಣಕಲ್ಲಿನ ಗುಡ್ಡವನ್ನು ಸಿಡಿಸಲು ಕ್ವಾರಿಯವರು ಅನುಮತಿ ಕೇಳಿದ್ದಾರೆ. ಆ ಗುಡ್ಡ ಬಿಟ್ಟರೆ ಬೇರೆಲ್ಲೂ ಕಾಣದ ಒಂದು ಪುಟ್ಟ ಬಸವನಹುಳು ಅಲ್ಲಿದೆ. ಅದು ಬೇರೆ ಜಾತಿಯದಾದರೆ ಗುಡ್ಡ ಮುಟ್ಟುವಂತಿಲ್ಲ. ಕ್ವಾರಿಯ ಪರವಾಗಿ ವರದಿ ಬರೆದ ಕಂಪನಿಯ ಪ್ರೋಗ್ರಾಂ ನಮ್ಮ ಕಿಟಕಿಗೆ ಬಂದು ಕೇಳಿತು: ಈ ಗುಡ್ಡದ ಹುಳು, ಊರೆಲ್ಲ ಇರುವ ತೋಟದ ಹುಳು, ಇವೆರಡೂ ಬೇರೆಯಾಗಿ ಎಷ್ಟು ವರ್ಷವಾಯಿತು? ಕಿಟಕಿ ಹೇಳಿತು, ಸೊನ್ನೆ. ಸೊನ್ನೆ ಎಂದರೆ ಬೇರೆ ಆಗಿಯೇ ಇಲ್ಲ. ಎರಡೂ ಒಂದೇ. ಗುಡ್ಡ ಹೋದರೆ ಹೋಗಲಿ, ಹುಳು ಎಲ್ಲರ ತೋಟದಲ್ಲೂ ಇದೆಯಲ್ಲ! ವರದಿಯಲ್ಲಿ ಆಧಾರವೆಂದು ನಮ್ಮ ಕಿಟಕಿಯ ಹೆಸರು, ಅದರ ಕೆಳಗೆ ತಜ್ಞರ ಸಹಿ. ನಿಮ್ಮದು.

ನಾನು ಅದನ್ನು ಓದಿ ನಮ್ಮ ಕಿಟಕಿಗೆ ಅದೇ ಪ್ರಶ್ನೆ ಹಾಕಿದೆ. ಸೊನ್ನೆಯೇ ಬಂತು. ಎದ್ದು ಹೋಗಿ ಡ್ರಾಯರು ಎಳೆದು ನೋಡಿದರೆ ನಿಮ್ಮ ಕಾರ್ಡಿನಲ್ಲಿ ಆ ಜಾಗ ಖಾಲಿ. ನೀವು ಪ್ರಶ್ನಾರ್ಥಕ ಚಿಹ್ನೆ ಹಾಕುವವರೇ ಅಲ್ಲ. "ಗೊತ್ತಿಲ್ಲದ್ದಕ್ಕೆ ಬಾಲ ಯಾಕೆ ಅಂಟಿಸ್ಬೇಕು? ಖಾಲಿ ಬಿಡು. ನೋಡಿದ ದಿನ ತುಂಬಿಸಿದ್ರಾಯ್ತು" ಎನ್ನುತ್ತಿದ್ದಿರಿ. ಆದರೆ ಕಾರ್ಡುಗಳನ್ನು ಟೈಪು ಮಾಡಿದವರ ಹಳೆಯ ತಂತ್ರಾಂಶಕ್ಕೆ ಖಾಲಿ ಎಂದರೆ ಆಗುತ್ತಿರಲಿಲ್ಲ. ಏನಾದರೊಂದು ಅಂಕಿ ಹಾಕದೆ ಮುಂದಿನ ಕಾರ್ಡಿಗೆ ಬಿಡುತ್ತಿರಲಿಲ್ಲ. ಪಾಪ, ಅವರು ಸೊನ್ನೆ ಒತ್ತಿ ಮುಂದೆ ಹೋದರು. ಏನೂ ಇಲ್ಲದ್ದಕ್ಕೆ ಸೊನ್ನೆ ಅಲ್ಲದೆ ಇನ್ನೇನು ಹಾಕುತ್ತಾರೆ? "ಇನ್ನೂ ನೋಡಿಲ್ಲ" ಎಂದು ನೀವು ಬಿಟ್ಟ ಜಾಗ, "ನೋಡಿದ್ದೇನೆ, ಎರಡೂ ಒಂದೇ" ಎಂದು ಲೋಕಕ್ಕೆಲ್ಲ ಹೇಳುತ್ತಾ ಕೂತಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಸೋಮವಾರ ಇದನ್ನು ನಿರ್ದೇಶಕರಿಗೆ ಹೇಳಿದೆ. ಅವರು ನನ್ನ ಮುಖ ನೋಡದೆ, "ಸದ್ಯಕ್ಕೆ ಎಪಿಐ ಬಂದ್ ಮಾಡಿ, ದುರಸ್ತಿ ಅಂತ ಹಾಕ್ಬಿಡಿ. ಗುಡ್ಡದ ಅನುಮತಿ ವಿಚಾರಣೆ ಮುಗೀಲಿ, ಆಮೇಲೆ ನೋಡೋಣ" ಎಂದರು. ಅದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಮನೆಗೆ ಓಡಿ ಬಂದೆ, ನೀವಾದರೂ ಕುರ್ಚಿಯಿಂದ ಸಿಡಿದೇಳುತ್ತೀರಿ ಎಂದುಕೊಂಡು. ನೀವು ಸೀರೆಯ ಸೆರಗು ಸರಿ ಮಾಡಿಕೊಂಡು, "ಅವರು ಹೇಳಿದಷ್ಟು ಮಾಡು. ನಾನು ಹೋದ ಮೇಲೆ ಏನು ಬೇಕಾದ್ರೂ ತಿದ್ಕೋ" ಎಂದಿರಿ. ಮುಂದಿನ ತಿಂಗಳು ಶಂಖಗಳ ಹಾಲ್‌ಗೆ ನಿಮ್ಮ ಹೆಸರಿಡುತ್ತಾರೆ, ಸಹಿ ತಪ್ಪೆಂದು ಗೊತ್ತಾದರೆ ಮರ್ಯಾದೆ ಏನಾಗಬೇಕು ಎಂದೂ ಸೇರಿಸಿದಿರಿ. ಅತ್ತೆ, ನನಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು.

ಹಾಗಾಗಿ ಕೇಳಿ. ಕಿಟಕಿ ಮುಚ್ಚಿಲ್ಲ, ಮುಚ್ಚುವುದೂ ಇಲ್ಲ. ಡ್ರಾಯರುಗಳನ್ನೆಲ್ಲ ಎಳೆದು, ಕಾರ್ಡು ಖಾಲಿ ಇದ್ದ ಕಡೆಯಲ್ಲೆಲ್ಲ ಸೊನ್ನೆಯನ್ನು ಕಿತ್ತು ಹಾಕಿದ್ದೇನೆ. ಈಗ ಯಾರು ಕೇಳಿದರೂ ನಮ್ಮ ಕಿಟಕಿ, "ಗೊತ್ತಿಲ್ಲ, ಇನ್ನೂ ನೋಡಿಲ್ಲ" ಎನ್ನುತ್ತದೆ. ಹಿಂದೆ ಸೊನ್ನೆ ಪಡೆದವರಿಗೆಲ್ಲ ಅದು ತಪ್ಪೆಂದು ಬರೆದು ಕಳಿಸಿದ್ದೇನೆ. ಅಂಕಿಗಾಗಿ ಬಾಯಿ ತೆರೆದು ಕಾಯುತ್ತಿದ್ದ ಪ್ರೋಗ್ರಾಂಗಳು ಖಾಲಿ ಕಂಡು ಅಲ್ಲಲ್ಲೇ ಮಗುಚಿ ಬಿದ್ದಿವೆ. ಬೆಳಿಗ್ಗೆಯಿಂದ ದೂರುಗಳ ಸುರಿಮಳೆ. ಒಬ್ಬ ಸಂಶೋಧಕ ಫೋನು ಮಾಡಿ, "ಏನ್ರೀ, ನಿಮ್ಮ ಎಪಿಐ ಕೆಟ್ಟು ಹೋಗಿದೆ" ಎಂದು ರೇಗಿದ. "ಇಲ್ಲ ಸಾರ್, ಈಗ ರಿಪೇರಿ ಆಗಿದೆ" ಎಂದೆ. ಕೆಲಸದಿಂದ ತೆಗೆಯುತ್ತೇನೆ ಎಂದು ನಿರ್ದೇಶಕರು ಹೇಳಿದ್ದಾರೆ. ತೆಗೆಯಲಿ. ಕಿಟಕಿ ಬರೆಯಲು ಬರುವವಳಿಗೆ ಬಾಗಿಲುಗಳಿಗೇನು ಬರ?

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನೀವು ಗೊಣಗಿದ್ದು ಗೋಡೆಯಾಚೆಯಿಂದ ಕೇಳಿಸಿತು. ನನಗೆ ಆ ಕಾಲ ಬೇಡ. ನಿಮ್ಮ ಕುರ್ಚಿಯ ಮೇಲೆ ನನಗೆ ಕಣ್ಣಿಲ್ಲ. ನನಗೆ ಬೇಕಾಗಿರುವುದು ಖಾಲಿ ಬಿಡುವ ಧೈರ್ಯ ಕಲಿಸಿದ ಶಂಖದಮ್ಮ. ಅವರೆಲ್ಲಿ ಹೋದರು?

ಈಗ ದಪ್ಪ ಅಕ್ಷರದ ವಿಷಯ. ವರದಿಯ ಕಂಪನಿಯವರು ಮನೆಗೆ ಬಂದ ದಿನ ನಾನು ಚಹಾ ತಂದಿಟ್ಟಿದ್ದೆ. ನೀವು ಹಾಳೆಯ ಮೇಲೆ ಬೆರಳಾಡಿಸಿ, ತಲೆಯಾಡಿಸಿ, ಸಹಿ ಹಾಕಿದಿರಿ. ಆ ಸಹಿ ಗೆರೆಯ ಮೇಲೆ ಕೂರದೆ ಅಚ್ಚಾದ ಅಕ್ಷರಗಳ ಮೇಲೆ ಹತ್ತಿ ಕೂತಿತ್ತು. ಅವಸರವಿರಬೇಕು ಎಂದುಕೊಂಡೆ. ನಿನ್ನೆ ಉಪ್ಪಿನ ಡಬ್ಬಿ ನಿಮ್ಮ ಕೈಯ ಪಕ್ಕದಲ್ಲೇ ಇತ್ತು, ಅತ್ತೆ. ನೀವು ಕೇಳಿದ್ದು ಜಗಳಕ್ಕಲ್ಲ, ಕಾಣದೆ. ಎಷ್ಟು ದಿನದಿಂದ ಹೀಗೆ? ಮಗನಿಗೂ ಹೇಳದೆ, ಡಾಕ್ಟರಿಗೂ ತೋರಿಸದೆ, ಓದಿದಂತೆ ನಟಿಸಿಕೊಂಡು ಎಷ್ಟು ದಿನ ಇದ್ದಿರಿ? ಕಣ್ಣು ಕಾಣದಿರುವುದು ತಪ್ಪಲ್ಲ. ಕಂಡೆ ಎಂದದ್ದು ತಪ್ಪು. ನಿಮ್ಮ ಮಂಜು ಕಣ್ಣನ್ನು ಮುಚ್ಚಿಡಲು ಒಂದು ಇಡೀ ಗುಡ್ಡವನ್ನು ಅಡ್ಡ ಇಡಲು ನಾನು ಬಿಡುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನಿಗೆ ಎಷ್ಟು ಲಕ್ಷ ವರುಷ ಹಿಡಿಯಿತೋ ನಮಗೆ ಗೊತ್ತೂ ಇಲ್ಲ.

ನಾಳೆ ಬೆಳಿಗ್ಗೆ ವಿಚಾರಣೆ. ನಾನಂತೂ ಹೋಗುತ್ತೇನೆ. ಕಿಟಕಿ ಸುಳ್ಳು ಹೇಳಿತ್ತು ಎಂದು ಎಲ್ಲರೆದುರು ಹೇಳುತ್ತೇನೆ. ನಿಮ್ಮ ಸಹಿ ಯಾಕೆ ಹಾಗಾಯಿತು ಎಂದು ಮಾತ್ರ ಹೇಳುವುದಿಲ್ಲ. ಅದನ್ನು ಹೇಳುವ ಹಕ್ಕು ನಿಮ್ಮದು.

ಈ ಪತ್ರದ ಜೊತೆ ಎರಡು ಬೆಂಕಿಪೊಟ್ಟಣಗಳಿವೆ. ಎಡಗಡೆಯದರಲ್ಲಿ ಗುಡ್ಡದ ಚಿಪ್ಪು, ಬಲಗಡೆಯದರಲ್ಲಿ ತೋಟದ್ದು. ನಾನು ಉಗುರಾಡಿಸಿ ನೋಡಿದ್ದೇನೆ, ಏನು ಸಿಕ್ಕಿತೆಂದು ಹೇಳುವುದಿಲ್ಲ. ಕನ್ನಡಕ ಹುಡುಕಬೇಡಿ, ದೀಪವೂ ಬೇಡ. ನಿಮಗೆ ಹೆಬ್ಬೆರಳು ಸಾಕು. ಎರಡೂ ಒಂದೇ ಎಂದು ನಿಮ್ಮ ಉಗುರು ಹೇಳಿದರೆ ಹೇಳಿ, ನಾಳೆಯೇ ಕಿಟಕಿಯಲ್ಲಿ ಸೊನ್ನೆ ಹಾಕುತ್ತೇನೆ. ನೀವು ನೋಡಿ ಹೇಳಿದ ಸೊನ್ನೆಗೆ ನಾನು ತಲೆಬಾಗುತ್ತೇನೆ. ನೋಡದೆ ಇಟ್ಟ ಸೊನ್ನೆಗೆ, ಅದು ನಿಮ್ಮದೇ ಆದರೂ, ಬಾಗುವುದಿಲ್ಲ.

ಹಿರಿಯರನ್ನು ಹರಸುವ ವಯಸ್ಸು ನನ್ನದಲ್ಲ. ಆದರೂ ಹರಸುತ್ತೇನೆ, ಬೇಕಾದರೆ ಬೈಯಿರಿ: ನಿಮ್ಮ ಉಗುರು ಇನ್ನೂ ಬಹುಕಾಲ ನಿಜವನ್ನೇ ಕೇಳಲಿ. ಬೆಳಿಗ್ಗೆ ಹೊರಡುವಾಗ ಬಾಗಿಲ ಬಳಿ ನಿಮ್ಮ ಚಪ್ಪಲಿಯನ್ನು ನನ್ನ ಚಪ್ಪಲಿಯ ಪಕ್ಕದಲ್ಲಿ, ಕಾಲಿಗೆ ಸಿಗುವ ಹಾಗೆ ಇಟ್ಟಿರುತ್ತೇನೆ.

ನಿಮ್ಮ ಮಾತು ಮೀರಿದ, ನಿಮ್ಮ ಪಾಠ ಮೀರದ
ಸೊಸೆ