ವಕೀಲರ ಮೇಜಿಗೆ ಹಿಡಿಯದ ಪಾಲಿಶು

ಅಪ್ಪಾ,

ಖಾನಾಪುರದ ವಕೀಲರ ಆಫೀಸಿನ ಹಳೇ ಸಾಗವಾನಿ ಮೇಜು ಪಾಲಿಶಿಗೆಂದು ನಮ್ಮ ಅನಗೋಳದ ಅಂಗಡಿಗೆ ಬಂತು. ನೀನು ತೀರಿಕೊಂಡ ಮೇಲೆ ನಾನೊಬ್ಬಳೇ ಹಿಡಿದ ಮೊದಲ ಕೆಲಸ. ಎಲ್ಲಿ ಕೆಡುತ್ತದೋ ಎಂಬ ಹೆದರಿಕೆಗೆ, ಹಳೇ ಬಣ್ಣ ಕೆರೆದಿಟ್ಟ ಬರೀ ಕಟ್ಟಿಗೆಯ ಮೇಲೆಯೇ ನಿನ್ನ ಫೋಟೋ ಇಟ್ಟು ದೀಪ ಹಚ್ಚಿದೆ. ಎಣ್ಣೆ ಸೋರಿ ಒಳಗಿಳಿಯಿತು. ಅಲ್ಲಿ ಪಾಲಿಶು ಹಿಡಿಯಲೇ ಇಲ್ಲ.

ಇವತ್ತು ವಕೀಲರು ನೋಡಿ, "ನಿಮ್ಮಪ್ಪ ಖರೇನ ಹೇಳತಿದ್ದ ಬಿಡವ್ವಾ, ಹೆಣ್ಣಮಕ್ಕಳ ಕೈಗೆ ಇದು ಒಗ್ಗೂದಿಲ್ಲ. ಮೇಜು ವಾಪಸ್ ಒಯ್ಯಾಕ ಟೆಂಪೋ ಕಳಸ್ತೀನಿ" ಎಂದರು.

"ಟೆಂಪೋ ಖಾಲಿ ಹೋಗತೈತಿ ನೋಡ್ರಿ. ಕೆಡಿಸಿದಾಕಿ ನಾನು, ಸರಿ ಮಾಡಾಕಿನೂ ನಾನ" ಎಂದೆ.

ನಿನ್ನೆದುರು ಇಂಥ ಮಾತು ಒಮ್ಮೆಯೂ ಬಾಯಿಗೆ ಬಂದಿರಲಿಲ್ಲ. ನಾಳೆ ಎಣ್ಣೆ ಇಳಿದಷ್ಟೂ ಉಜ್ಜಿ ತೆಗೆಯುತ್ತೇನೆ. ಮತ್ತೆ ಕೆಟ್ಟರೆ ಮತ್ತೆ ಉಜ್ಜುತ್ತೇನೆ.